ಜಾಮೀನಿಲ್ಲದ ಜಾಣ್ಮೆಗೆ ಬಂಡವಾಳ

1978ರಲ್ಲಿ ಬೆಂಗಳೂರಿನ ಬಾಡಿಗೆ ಮನೆಯೊಂದರ ಕಾರ್ ಷೆಡ್ಡಿನಲ್ಲಿ ಬಯೋಕಾನ್ ಕಂಪನಿ ಹುಟ್ಟಿತು. ಬಂಡವಾಳ 10,000 ರೂಪಾಯಿ. ಸ್ಥಾಪಕಿ 25ರ ಯುವತಿ ಕಿರಣ್ ಮಜುಂದಾರ್. ಕಂಪನಿ ಬೆಳೆದ ಬಗೆ ಎಲ್ಲರಿಗೂ ಗೊತ್ತು. ಹಣ ಹೊಂದಿಸಲು ಅವರು ಪಟ್ಟ ಪಾಡು ಅಷ್ಟಾಗಿ ನೆನಪಾಗುವುದಿಲ್ಲ.

ತಂದೆ ರಸೇಂದ್ರ ಮಜುಂದಾರ್ ಬಿಯರ್ ತಯಾರಿಕೆಯಲ್ಲಿ ಪಳಗಿದವರು. ಮಗಳೂ ಆಸ್ಟ್ರೇಲಿಯಾದಲ್ಲಿ ಅದೇ ವಿದ್ಯೆ ಕಲಿತು 1975ರಲ್ಲಿ ತೇರ್ಗಡೆಯಾದರು. ಆದರೆ ಅದು ಗಂಡಸರ ಕೆಲಸವೆಂದು ಭಾರತದಲ್ಲಿ ತಕ್ಕ ಹುದ್ದೆ ಸಿಗಲಿಲ್ಲ. ಆಗ ಐರ್ಲೆಂಡಿನ ಉದ್ಯಮಿ ಲೆಸ್ಲಿ ಆಚಿನ್‌ಕ್ಲಾಸ್ ಪಾಲುದಾರಿಕೆಗೆ ಕರೆದರು. ವಿದೇಶಿ ಪಾಲಿಗೆ ಕಾನೂನಿನ ಮಿತಿಯಿದ್ದುದರಿಂದ ಹೆಚ್ಚಿನ ಪಾಲು ಕಿರಣ್ ಅವರದೇ ಆಯಿತು. ಪರಂಗಿಕಾಯಿಯ ಹಾಲಿನಿಂದ ತೆಗೆಯುವ ಪಪೇನ್ ಎಂಬ ಕಿಣ್ವ, ಮೀನಿನ ಗಾಳಿಚೀಲದಿಂದ ಮಾಡುವ, ಬಿಯರನ್ನು ತಿಳಿಗೊಳಿಸುವ ಐಸಿಂಗ್ಲಾಸ್, ಇವೆರಡೇ ಮೊದಲ ಸರಕು.

ಬ್ಯಾಂಕುಗಳು ಹಿಂಜರಿದವು. ವಯಸ್ಸು ಚಿಕ್ಕದು, ಉದ್ಯಮ ಹೊಸದು, ಮೇಲಾಗಿ ಹೆಣ್ಣು. ತಂದೆಯ ಜಾಮೀನು ಕೇಳಿದವರೂ ಇದ್ದರು. ಸಾಲಕ್ಕೆ ಅಡಮಾನ ಬೇಕು, ಅಡಮಾನಕ್ಕೆ ಆಸ್ತಿ ಬೇಕು. ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ದೊರೆತದ್ದು ಕರ್ನಾಟಕದಲ್ಲಿ 1994ರಲ್ಲಿ; ಅದೂ ಆ ಮೊದಲೇ ಮದುವೆಯಾದವರನ್ನು ಬಿಟ್ಟು. ಕೇಂದ್ರದ ತಿದ್ದುಪಡಿ ಬಂದದ್ದು 2005ರಲ್ಲಿ. ಕೊನೆಗೆ ಒಬ್ಬ ಬ್ಯಾಂಕ್ ಅಧಿಕಾರಿ ಧೈರ್ಯ ಮಾಡಿ ಸಾಲ ಮಂಜೂರು ಮಾಡಿದ ಮೇಲೆಯೇ ಕೆಲಸ ಸಾಗಿತು.

ಸಾಹಸ ಬಂಡವಾಳದ ರೀತಿ ಬೇರೆ. ಹಣ ಹಾಕುವವನು ಒಡವೆ, ಜಮೀನು ನೋಡುವುದಿಲ್ಲ. ಉದ್ಯಮದ ಯೋಚನೆಯನ್ನು ತೂಗಿ, ಕಂಪನಿಯಲ್ಲಿ ಪಾಲು ಪಡೆಯುತ್ತಾನೆ. ಕಂಪನಿ ಮುಳುಗಿದರೆ ಅವನ ಹಣವೂ ಮುಳುಗುತ್ತದೆ. 1980ರ ದಶಕದ ಉತ್ತರಾರ್ಧದಲ್ಲಿ ಎನ್. ವಘುಲ್ ಅವರ ನೇತೃತ್ವದ ಐಸಿಐಸಿಐ ಇಂಥ ಹೂಡಿಕೆಗೆ ಮುಂದಾಯಿತು. ಬಯೋಕಾನ್‌ಗೂ ಆ ಹಣ ಒದಗಿತು. ಘನ ಪದಾರ್ಥದ ಮೇಲೆ ಶಿಲೀಂಧ್ರ ಬೆಳೆಸಿ ಕಿಣ್ವ ಪಡೆಯುವ ತನ್ನದೇ ತಂತ್ರಜ್ಞಾನವನ್ನು ಕಂಪನಿ ವಿಸ್ತರಿಸಿದ್ದು ಅದರ ಬಲದಿಂದ.

1989ರಲ್ಲಿ ಐರ್ಲೆಂಡಿನ ಕಂಪನಿ ಯೂನಿಲಿವರ್ ಕೈಸೇರಿತು. 1998ರಲ್ಲಿ ಪತಿ ಜಾನ್ ಷಾ ಅವರ ನೆರವಿನಿಂದ ಕಿರಣ್ ವಿದೇಶಿ ಪಾಲನ್ನು ಕೊಂಡುಕೊಂಡರು. 2004ರಲ್ಲಿ ಷೇರುಪೇಟೆಗೆ ಬಂದ ಮೊದಲ ದಿನವೇ ಬಯೋಕಾನ್ ಮೌಲ್ಯ 100 ಕೋಟಿ ಡಾಲರ್ ದಾಟಿತು.

ಓದು, ಮನೆಯವರ ಬೆಂಬಲ, ವಿದೇಶಿ ಪಾಲುದಾರ, ಎಲ್ಲವೂ ಇದ್ದವರಿಗೇ ಇಷ್ಟು ಕಷ್ಟವಾಯಿತು. ಇವಾವುವೂ ಇಲ್ಲದೆ, ಬ್ಯಾಂಕಿನ ಮೆಟ್ಟಿಲಿನಿಂದಲೇ ಹಿಂದಿರುಗಿದ ಹೆಣ್ಣುಮಕ್ಕಳ ಹೆಸರು ಯಾವ ಇತಿಹಾಸದಲ್ಲೂ ದಾಖಲಾಗಿಲ್ಲ.