ನದಿಯ ತವರು ಹುಡುಕಿದ ಮಹಿಳೆ

ಬಂಗಾರಪೇಟೆಯ ಹಳೆಯ ಹೆಸರು ಬೌರಿಂಗ್‌ಪೇಟೆ. 1862ರಿಂದ 1870ರವರೆಗೆ ಮೈಸೂರಿನ ಕಮಿಷನರ್ ಆಗಿದ್ದ ಲೂಯಿನ್ ಬೌರಿಂಗ್‌ನ ನೆನಪಿಗೆ ಬಂದ ಹೆಸರದು. ಅಲ್ಲಿಂದ ರೈಲು ಹಿಡಿದು ಕೆಜಿಎಫ್‌ಗೆ ಬಂದರೆ ರಾಬರ್ಟ್‌ಸನ್‌ಪೇಟೆ, ಆಂಡರ್ಸನ್‌ಪೇಟೆ, ಗಿಫರ್ಡ್ ಶಾಫ್ಟ್. ಮೂರು ಕಿಲೋಮೀಟರಿಗೂ ಆಳಕ್ಕಿಳಿದು ಅದಿರು ಒಡೆದ ಕೂಲಿಗಳನ್ನು ಮಾತ್ರ ಈ ಹೆಸರುಗಳಲ್ಲಿ ಹುಡುಕಿದರೂ ಸಿಗುವುದಿಲ್ಲ. ನಕ್ಷೆಯನ್ನು ಯಾರು ಬರೆಯುತ್ತಾರೋ ಅವರದೇ ಹೆಸರು ಉಳಿಯುತ್ತದೆ ಎಂಬುದು ನಮಗೆ ಹೊಸ ಪಾಠವೇನಲ್ಲ. ಅದೇ ಕಾಲದಲ್ಲಿ ಹಿಮಾಲಯದಾಚೆಯ ಎತ್ತರದಲ್ಲೂ ಇದೇ ನಡೆಯಿತು. ಅಲ್ಲಿ ನಕ್ಷೆ ಬರೆಸಿದ್ದು ಒಬ್ಬ ಮಹಿಳೆ.

ಆಕೆ ಅಮೆರಿಕದ ಫ್ಯಾನಿ ಬುಲ್ಲಕ್ ವರ್ಕ್‌ಮನ್. ಹುಟ್ಟಿದ್ದು 1859ರಲ್ಲಿ, ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ಆಗಿದ್ದವರ ಶ್ರೀಮಂತ ಮನೆಯಲ್ಲಿ. ವೈದ್ಯರಾಗಿದ್ದ ಪತಿ ವಿಲಿಯಂ ಹಂಟರ್ ವರ್ಕ್‌ಮನ್ ಜೊತೆ ಆಕೆ ಭಾರತಕ್ಕೆ ಬಂದದ್ದು ಸೈಕಲ್ ಸವಾರಿಗೆ. ಬಯಲು ಸೀಮೆಯ ಬಿಸಿಲಿನಿಂದ ಬೆಟ್ಟದ ತಂಪಿಗೆ ಹೋದವರನ್ನು ಹಿಮಶಿಖರಗಳು ಹಿಡಿದು ನಿಲ್ಲಿಸಿದವು. ಮುಂದೆ 1912ರವರೆಗೆ ಮತ್ತೆ ಮತ್ತೆ ಅಲ್ಲಿಗೇ ಬಂದರು. ಶಿವನಸಮುದ್ರದ ವಿದ್ಯುತ್ ಕೆಜಿಎಫ್ ಗಣಿಗಳಿಗೆ ತಲುಪಿದ 1902ರಲ್ಲಿ ದಂಪತಿಗಳು ಕಾರಕೋರಂನ ಚೋಗೋ ಲುಂಗ್ಮಾ ಹಿಮನದಿಯ ಮೇಲಿದ್ದರು. 1906ರಲ್ಲಿ, ತನ್ನ 47ನೇ ವಯಸ್ಸಿನಲ್ಲಿ, ಫ್ಯಾನಿ 6,930 ಮೀಟರ್ ಎತ್ತರದ ಪಿನಾಕಲ್ ಪೀಕ್ ಏರಿದರು. ಮಹಿಳೆಯರ ಮಟ್ಟಿಗೆ ಆ ದಾಖಲೆ 1934ರವರೆಗೆ ಉಳಿಯಿತು.

ಅವರ ದೊಡ್ಡ ಕೆಲಸ 1911 ಮತ್ತು 1912ರ ಸಿಯಾಚಿನ್ ಶೋಧ. ನಮ್ಮ ಪಾಲಾರ್ ನಂದಿಬೆಟ್ಟದ ಸಾಲಿನಲ್ಲಿ ಹುಟ್ಟಿ ಬೇತಮಂಗಲದ ಕೆರೆ ತುಂಬಿಸಿ ಕೆಜಿಎಫ್‌ಗೆ ನೀರುಣಿಸಿದ ನದಿ. ಮಳೆ ಬಂದರೆ ಅದಕ್ಕೆ ಜೀವ. ಸಿಯಾಚಿನ್ನಿನ ಕಥೆ ಬೇರೆ. ಎಪ್ಪತ್ತು ಕಿಲೋಮೀಟರಿಗೂ ಉದ್ದವಾದ ಆ ಹಿಮ ಕರಗಿ ನುಬ್ರಾ ನದಿಯಾಗುತ್ತದೆ. ನುಬ್ರಾ ಶ್ಯೋಕ್ ಸೇರುತ್ತದೆ, ಶ್ಯೋಕ್ ಸಿಂಧೂ ಸೇರುತ್ತದೆ. ಆ ನೀರಿನ ತವರನ್ನು ಕೊನೆಯ ಕಣಿವೆದಾರಿಯವರೆಗೆ ಅಳೆದು ನಕ್ಷೆ ಮಾಡಿಸಿದ ತಂಡದ ನಾಯಕತ್ವ ಫ್ಯಾನಿಯದು. ತುದಿಯ ಒಂದು ಕಣಿವೆದಾರಿಗೆ ಆಕೆ ಇಂದಿರಾ ಕೋಲ್ ಎಂದು ಹೆಸರಿಟ್ಟರು. ಇಂದಿರಾ ಎಂದರೆ ಲಕ್ಷ್ಮಿ. ಪ್ರಧಾನಿ ಇಂದಿರಾ ಗಾಂಧಿಗೂ ಈ ಹೆಸರಿಗೂ ಸಂಬಂಧವಿಲ್ಲ.

ಸುಮಾರು 21,000 ಅಡಿ ಎತ್ತರದಲ್ಲಿ ನಿಂತು, ಮಹಿಳೆಯರಿಗೆ ಮತದಾನದ ಹಕ್ಕು ಬೇಕೆಂಬ ಪತ್ರಿಕೆ ಹಿಡಿದು ಆಕೆ ಫೋಟೋ ತೆಗೆಸಿಕೊಂಡರು. ಆ ಹಕ್ಕು ಇಡೀ ಅಮೆರಿಕಕ್ಕೆ ಅನ್ವಯವಾದದ್ದು 1920ರಲ್ಲಿ. ಲಂಡನ್ನಿನ ರಾಯಲ್ ಜಿಯಾಗ್ರಫಿಕಲ್ ಸೊಸೈಟಿಯಲ್ಲಿ ಆಕೆ ಉಪನ್ಯಾಸ ಕೊಟ್ಟದ್ದು 1905ರಲ್ಲಿ. ಆದರೆ ಆ ಸಂಸ್ಥೆ ಮಹಿಳೆಯರಿಗೆ ಸದಸ್ಯತ್ವದ ಬಾಗಿಲನ್ನು ಶಾಶ್ವತವಾಗಿ ತೆರೆದದ್ದು 1913ರಲ್ಲಿ. ಹೆಣ್ಣೆಂಬ ಕಾರಣಕ್ಕೆ ಶೋಧಕಿಯ ಮಾತನ್ನು ಸಂಶಯದಿಂದ ಕೇಳುತ್ತಿದ್ದ ಲೋಕದಲ್ಲಿ ಆಕೆ ಅಳತೆ, ನಕ್ಷೆ, ಛಾಯಾಚಿತ್ರಗಳನ್ನೇ ಸಾಕ್ಷಿಯಾಗಿ ಮುಂದಿಟ್ಟರು.

ಹಾಗೆಂದು ಎಲ್ಲವನ್ನೂ ಹೊಗಳಿ ಮುಗಿಸಲಾಗದು. ಹಿಟ್ಟು, ಗುಡಾರ, ಸೌದೆ ಹೊತ್ತು ಹಿಮದ ಮೇಲೆ ನಡೆದವರು ಬಾಲ್ಟಿಸ್ತಾನದ ಬಡ ಮುಸ್ಲಿಂ ರೈತರು. ದಂಪತಿಗಳ ಪುಸ್ತಕಗಳಲ್ಲಿ ಈ ಕೂಲಿಗಳು ಬರುವುದು ಹೆಚ್ಚಾಗಿ ಸೋಮಾರಿಗಳಾಗಿ, ತಕರಾರಿನವರಾಗಿ. ಚಳಿಯಲ್ಲಿ ಹೊರೆ ಹೊತ್ತವನಿಗೆ ತಕರಾರು ಮಾಡಲು ಕಾರಣವಿತ್ತೇ ಎಂದು ಅಲ್ಲಿ ಕೇಳುವವರಿಲ್ಲ. ಅಳತೆಗೆ ನೆರವಾದ ಭಾರತೀಯ ಸರ್ವೇಯರ್ ಸರ್ಜನ್ ಸಿಂಗ್, 1912ರಲ್ಲಿ ಹಿಮದ ಬಿರುಕಿಗೆ ಬಿದ್ದು ಪ್ರಾಣಬಿಟ್ಟ ಇಟಲಿಯ ಸಹಾಯಕ ಚೆನೋಜ್, ಇವರ ಹೆಸರಾದರೂ ಉಳಿಯಿತು. ಬಾಲ್ಟಿ ಜನರದು ಉಳಿದದ್ದು ಹಿಮನದಿಯ ಹೆಸರಿನಲ್ಲಿ ಮಾತ್ರ. ಅವರ ಭಾಷೆಯಲ್ಲಿ ಸಿಯಾ ಎಂದರೆ ಕಾಡುಗುಲಾಬಿ.

1925ರಲ್ಲಿ ಫ್ಯಾನಿ ತೀರಿಕೊಂಡರು. 1984ರಿಂದ ಆ ಹಿಮನದಿಯ ಮೇಲೆ ಸೈನ್ಯ ನಿಂತಿದೆ. ಇಲ್ಲಿ 2001ರಲ್ಲಿ ಕೋಲಾರದ ಗಣಿ ಮುಚ್ಚಿತು. ಹೆಣ್ಣಿಗೆ ಮುಚ್ಚಿದ್ದ ಬಾಗಿಲನ್ನು ತಟ್ಟಿದ ಆಕೆಯ ಧೈರ್ಯವನ್ನು ನಾವು ಮನಸಾರೆ ಮೆಚ್ಚೋಣ. ಆದರೆ ತನಗೆ ಬೇಕಾದ ನ್ಯಾಯವನ್ನು ತನ್ನ ಹೊರೆ ಹೊತ್ತವನಿಗೂ ಸಲ್ಲಿಸುವುದು ಇನ್ನೂ ಕಡಿದಾದ ಏರು. ಗಣಿಯ ಮಕ್ಕಳಾದ ನಮಗಿಂತ ಚೆನ್ನಾಗಿ ಇದನ್ನು ಬಲ್ಲವರು ಯಾರು?