ಮೇಲೆ ನೀರು, ಕೆಳಗೆ ಕಲ್ಲಿದ್ದಲು, ನಡುವೆ ಒಂದು ನಕ್ಷೆ

1975ರ ಡಿಸೆಂಬರ್ 27ರ ಮಧ್ಯಾಹ್ನ ಧನಬಾದ್ ಬಳಿಯ ಚಾಸ್ನಾಲಾ ಕಲ್ಲಿದ್ದಲು ಗಣಿಗೆ ನೀರು ನುಗ್ಗಿತು. ನೆಲದಡಿಯಲ್ಲಿ ಕೆಲಸದಲ್ಲಿದ್ದ 375 ಮಂದಿ ಜಲಸಮಾಧಿಯಾದರು. ಭಾರತದ ಗಣಿಗಾರಿಕೆಯ ಚರಿತ್ರೆಯಲ್ಲಿ ಅದಕ್ಕಿಂತ ದೊಡ್ಡ ಕಲ್ಲಿದ್ದಲು ಗಣಿ ದುರಂತ ಇನ್ನೊಂದಿಲ್ಲ. 1979ರಲ್ಲಿ ಯಶ್ ಚೋಪ್ರಾ ಈ ಘಟನೆಯಿಂದಲೇ ಪ್ರೇರಣೆ ಪಡೆದು ‘ಕಾಲಾ ಪತ್ಥರ್’ ಚಿತ್ರ ತೆಗೆದರು. ಅಮಿತಾಭ್ ಬಚ್ಚನ್ ಅಭಿನಯದ ಆ ಚಿತ್ರ ನೋಡಿದವರಿಗೆ ಸುರಂಗದೊಳಗೆ ನೀರು ಭೋರ್ಗರೆಯುವ ದೃಶ್ಯ ನೆನಪಿರಬಹುದು.

ಆದರೆ ಇಲ್ಲೊಂದು ಪ್ರಶ್ನೆಯಿದೆ. ಡಿಸೆಂಬರ್ ಎಂದರೆ ಮಳೆಗಾಲ ಮುಗಿದು ತಿಂಗಳುಗಳೇ ಕಳೆದಿದ್ದವು. ಹತ್ತಿರದಲ್ಲೇ ಹರಿಯುವ ದಾಮೋದರ ನದಿ ದಡ ಮೀರಿರಲಿಲ್ಲ. ಹಾಗಾದರೆ ಅಷ್ಟೊಂದು ನೀರು ಬಂದದ್ದೆಲ್ಲಿಂದ? ಉತ್ತರ ಸರಳ, ಆದರೆ ಭಯಂಕರ. ಅದು ಅದೇ ಗಣಿಯ ಮೇಲ್ಭಾಗದಲ್ಲಿ, ಹಿಂದೆ ಅಗೆದು ಬಿಟ್ಟಿದ್ದ ಹಳೆಯ ಸುರಂಗಗಳಲ್ಲಿ ವರ್ಷಗಳಿಂದ ನಿಂತಿದ್ದ ನೀರು. ಹೊಸ ಅಗೆತಕ್ಕೂ ಆ ನೀರಿಗೂ ನಡುವೆ ಇದ್ದ ಕಲ್ಲಿದ್ದಲಿನ ತಡೆಗೋಡೆ ಒಡೆದುಹೋಯಿತು. ಏರಿ ಒಡೆದ ಕೆರೆಯ ಕೆಳಗೆ ಊರಿದ್ದರೆ ಏನಾಗುತ್ತದೆಂದು ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಚಾಸ್ನಾಲಾದಲ್ಲಿ ಕೆರೆಯೂ ನೆಲದೊಳಗಿತ್ತು, ಏರಿಯೂ ನೆಲದೊಳಗಿತ್ತು, ಊರೂ ನೆಲದೊಳಗಿತ್ತು. ವ್ಯತ್ಯಾಸ ಅಷ್ಟೆ.

ನೀರಿನ ಅಡಿಯಲ್ಲಿ ಕಲ್ಲಿದ್ದಲು ತೆಗೆಯುವವರ ಸುರಕ್ಷತೆಗೆ ಇಂದು ಹಲವು ದೇಶಗಳಲ್ಲಿ ನಿಯಮಗಳಿವೆ. ಅವುಗಳ ಚರಿತ್ರೆಯನ್ನು ಓದುತ್ತಾ ಹೋದರೆ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ. ಕಣ್ಣಿಗೆ ಕಾಣುವ ನೀರಿಗೆ ಮನುಷ್ಯ ಬೇಗ ಹೆದರಿದ. ಕಾಣದ ನೀರಿಗೆ, ಅದರಲ್ಲೂ ತಾನೇ ಅಗೆದು ಮರೆತ ಜಾಗದಲ್ಲಿ ನಿಂತ ನೀರಿಗೆ, ಹೆದರಲು ಕಲಿತದ್ದು ಬಹಳ ತಡವಾಗಿ.

ಸಮುದ್ರದ ಕೆಳಗೆ ಮೊದಲ ಹೆಜ್ಜೆ

ಸಮುದ್ರದ ತಳದಿಂದ ಕಲ್ಲಿದ್ದಲು ತೆಗೆಯುವ ಸಾಹಸ ಹೊಸದಲ್ಲ. ಸ್ಕಾಟ್ಲೆಂಡಿನ ಕುಲ್‌ರಾಸ್ ಎಂಬಲ್ಲಿ ಸರ್ ಜಾರ್ಜ್ ಬ್ರೂಸ್ ಎಂಬ ವ್ಯಾಪಾರಿ 16ನೇ ಶತಮಾನದ ಕೊನೆಯಲ್ಲೇ ಫೋರ್ತ್ ಅಳಿವೆಯ ಅಡಿಗೆ ಸುರಂಗ ಕೊರೆದಿದ್ದ. ನೀರಿನ ನಡುವೆ ಒಂದು ದುಂಡನೆಯ ಕಟ್ಟೆ ಕಟ್ಟಿ, ಅದರೊಳಗಿಂದ ಗಣಿಗೆ ಬಾವಿಯಂಥ ಇನ್ನೊಂದು ದಾರಿ ಮಾಡಿದ್ದ. 1617ರಲ್ಲಿ ದೊರೆ ಜೇಮ್ಸ್ ಅದನ್ನು ನೋಡಲು ಬಂದ. ದಡದಲ್ಲಿ ಗಣಿಗಿಳಿದು, ಸುರಂಗದಲ್ಲಿ ನಡೆದು, ಮೇಲೆ ಬಂದು ನೋಡಿದರೆ ಸುತ್ತಲೂ ಸಮುದ್ರ! ತನ್ನನ್ನು ಕೊಲ್ಲಲು ಸಂಚು ಹೂಡಿದ್ದಾರೆಂದು ದೊರೆ ಕೂಗಿಕೊಂಡನೆಂಬ ಕಥೆ ಇಂದಿಗೂ ಆ ಊರಿನಲ್ಲಿ ಪ್ರಚಲಿತ. 1625ರ ಬಿರುಗಾಳಿಗೆ ಆ ಕಟ್ಟೆ ಒಡೆದು ಗಣಿ ಮುಳುಗಿತು.

ಆಗ ನಿಯಮಗಳೇನೂ ಇರಲಿಲ್ಲ. ಮಾಲೀಕನ ಲೋಭ ಮತ್ತು ಗಣಿ ಮೇಸ್ತ್ರಿಯ ವಿವೇಕ, ಇವೆರಡರ ನಡುವೆ ಕಾರ್ಮಿಕನ ಜೀವ ತೂಗಾಡುತ್ತಿತ್ತು. 1837ರ ಜುಲೈ 28ರಂದು ಇಂಗ್ಲೆಂಡಿನ ವರ್ಕಿಂಗ್‌ಟನ್‌ನಲ್ಲಿ ಲೋಭ ಗೆದ್ದಿತು. ಅಲ್ಲಿನ ಗಣಿ ಸಮುದ್ರದ ಅಡಿಗೆ ಹಬ್ಬಿತ್ತು. ಛಾವಣಿಯನ್ನು ಹೊರಲೆಂದು ಬಿಟ್ಟಿದ್ದ ಕಲ್ಲಿದ್ದಲಿನ ಕಂಬಗಳನ್ನೂ ಕೆತ್ತಿ ತೆಗೆಯತೊಡಗಿದ್ದರು. ಛಾವಣಿ ಕುಸಿಯಿತು, ಸಮುದ್ರ ಒಳಗೆ ಬಂತು. 27 ಮಂದಿ ಗಂಡಸರು, ಹುಡುಗರು ಸತ್ತರು. ಆ ಗಣಿಯನ್ನು ಮತ್ತೆ ತೆರೆಯಲಾಗಲೇ ಇಲ್ಲ.

ಕಂಬ ತೆಗೆದರೆ ಏನಾಗುತ್ತದೆ?

ಈ ಕಂಬಗಳ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಲ್ಲಿದ್ದಲಿನ ಪದರದಲ್ಲಿ ಅಡ್ಡ ಉದ್ದ ಓಣಿಗಳನ್ನು ಕೊರೆದು, ನಡುವೆ ಚೌಕ ಚೌಕವಾದ ಕಂಬಗಳನ್ನು ಬಿಡುವುದು ಒಂದು ಹಳೆಯ ಕ್ರಮ. ಕಂಬಗಳು ಇರುವ ತನಕ ಮೇಲಿನ ಬಂಡೆ ಹೆಚ್ಚುಕಡಿಮೆ ಇದ್ದಲ್ಲೇ ಇರುತ್ತದೆ. ಆದರೆ ಕಂಬದಲ್ಲೂ ಕಲ್ಲಿದ್ದಲಿದೆಯಲ್ಲ? ಅದನ್ನು ಬಿಟ್ಟುಬರಲು ಯಾವ ಮಾಲೀಕನಿಗೆ ಮನಸ್ಸು ಬಂದೀತು? ಕಂಬಗಳನ್ನೂ ತೆಗೆದಾಗ ಛಾವಣಿ ಕುಸಿಯುತ್ತದೆ. ಕುಸಿದ ಜಾಗದ ಮೇಲಿನ ಬಂಡೆಗಳು ಬಿರುಕು ಬಿಡುತ್ತವೆ. ಅದಕ್ಕೂ ಮೇಲಿನ ಪದರಗಳು ಬಾಗುತ್ತವೆ. ಕೊನೆಗೆ ನೆಲ ಅಥವಾ ನದಿಯ ತಳವೇ ತಗ್ಗುತ್ತದೆ. ಕೆಳಗಿನ ಬಿರುಕು ಮೇಲಿನ ಬಿರುಕನ್ನು ಮುಟ್ಟಿತೋ, ನೀರಿಗೆ ದಾರಿಯಾಯಿತು.

ಹಾಗಾಗಿ ನಿಯಮದ ಮೂಲ ತತ್ವ ಒಂದೇ: ನೀರಿಗೂ ಅಗೆತಕ್ಕೂ ನಡುವೆ ಬಿರುಕು ಕಾಣದ ಬಂಡೆ ಸಾಕಷ್ಟು ದಪ್ಪ ಉಳಿದಿರಬೇಕು. ‘ಸಾಕಷ್ಟು’ ಎಂದರೆ ಎಷ್ಟು? ಸಮುದ್ರದಡಿ ಹೇರಳವಾಗಿ ಕಲ್ಲಿದ್ದಲು ತೆಗೆಯುತ್ತಿದ್ದ ಬ್ರಿಟನ್ನಿನ ರಾಷ್ಟ್ರೀಯ ಕಲ್ಲಿದ್ದಲು ಮಂಡಳಿ 1968ರಲ್ಲಿ ಇದಕ್ಕೆ ಲೆಕ್ಕ ಕೊಟ್ಟಿತು. ಕಂಬಗಳನ್ನು ಬಿಡದೆ ಪೂರ್ತಿ ಕಲ್ಲಿದ್ದಲು ತೆಗೆಯುವುದಾದರೆ ಸಮುದ್ರತಳದಿಂದ ಕನಿಷ್ಠ 105 ಮೀಟರ್ ಕೆಳಗಿರಬೇಕು. ಕಂಬಗಳನ್ನು ಬಿಟ್ಟು ತೆಗೆಯುವುದಾದರೆ 60 ಮೀಟರ್ ಸಾಕು. ಅಗೆತದಿಂದಾಗಿ ಸಮುದ್ರತಳ ಪ್ರತಿ ಮೀಟರಿಗೆ 10 ಮಿಲಿಮೀಟರಿಗಿಂತ ಹೆಚ್ಚು ಹಿಗ್ಗುವಂತಿರಬಾರದು.

ನಮ್ಮಲ್ಲಿ ಜಾರಿಯಾ, ರಾಣಿಗಂಜ್ ಕಡೆಗಳಲ್ಲಿ ಇನ್ನೊಂದು ಉಪಾಯವೂ ಬಳಕೆಗೆ ಬಂತು. ದಾಮೋದರ ನದಿಯ ಮರಳನ್ನು ನೀರಿನೊಂದಿಗೆ ಕೊಳವೆಗಳಲ್ಲಿ ಕೆಳಗೆ ಹರಿಸಿ, ಕಲ್ಲಿದ್ದಲು ತೆಗೆದ ಜಾಗವನ್ನು ತುಂಬಿಬಿಡುವುದು. ಮರಳು ಉಳಿಯುತ್ತದೆ, ನೀರನ್ನು ಪಂಪು ಮಾಡಿ ಹೊರಹಾಕುತ್ತಾರೆ. ನದಿಯ ಕೆಳಗಿನ ಪೊಳ್ಳನ್ನು ನದಿಯ ಮರಳೇ ತುಂಬುವ ಈ ಏರ್ಪಾಡು ಖರ್ಚಿನದು, ಆದರೆ ನೆಲ ಕುಸಿಯುವುದನ್ನು ಬಹುಮಟ್ಟಿಗೆ ತಡೆಯುತ್ತದೆ.

ಲೆಕ್ಕ ಗೊತ್ತಿದ್ದೂ ಮೀರಿದವರಿದ್ದಾರೆ. 1959ರ ಜನವರಿ 22ರಂದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಸಸ್ಕ್ವೆಹನಾ ನದಿ ನಾಕ್ಸ್ ಕಂಪನಿಯ ಗಣಿಗೆ ಬಿತ್ತು. ನದಿಯ ತಳದಲ್ಲಿ 35 ಅಡಿ ಬಂಡೆ ಉಳಿಯಬೇಕಿದ್ದ ಕಡೆ ಕೆಲವೇ ಅಡಿ ಬಿಟ್ಟು ಅಗೆದಿದ್ದರು. ನದಿಯಲ್ಲಿ ದೊಡ್ಡ ಸುಳಿ ಎದ್ದಿತು. ಅದನ್ನು ಮುಚ್ಚಲು ರೈಲ್ವೆ ವ್ಯಾಗನ್ನುಗಳನ್ನೇ ಸುಳಿಯೊಳಗೆ ತಳ್ಳಿದರು. 12 ಮಂದಿ ಸತ್ತರು. ಆ ಸೀಮೆಯ ಆಳ ಗಣಿಗಾರಿಕೆ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು.

ನಮ್ಮ ನಿಯಮದಲ್ಲಿ ಏನಿತ್ತು?

ಚಾಸ್ನಾಲಾ ದುರಂತದ ಹೊತ್ತಿಗೆ ಭಾರತದಲ್ಲಿ ನಿಯಮಗಳಿರಲಿಲ್ಲವೇ? ಇದ್ದವು. 1954ರ ಡಿಸೆಂಬರಿನಲ್ಲಿ ಮಧ್ಯಪ್ರದೇಶದ ನ್ಯೂಟನ್ ಚಿಕ್ಲಿ ಗಣಿಯಲ್ಲಿ ನೀರು ನುಗ್ಗಿ 63 ಮಂದಿ ಸತ್ತಿದ್ದರು. 1957ರಲ್ಲಿ ಬಂದ ಕಲ್ಲಿದ್ದಲು ಗಣಿ ನಿಯಮಾವಳಿ ನೀರಿನ ಅಪಾಯವನ್ನು ಎರಡು ಭಾಗ ಮಾಡಿ ನೋಡಿತು.

ಮೊದಲನೆಯದು ನೆಲದ ಮೇಲಿನ ನೀರು. ನದಿ, ಕಾಲುವೆ, ಸರೋವರ, ಕೆರೆ, ಯಾವುದರ ಅಡಿಯಲ್ಲೂ, ಅವುಗಳ ದಂಡೆಯಿಂದ 15 ಮೀಟರ್ ಒಳಗೂ, ಗಣಿ ಮುಖ್ಯ ಇನ್‌ಸ್ಪೆಕ್ಟರರ ಲಿಖಿತ ಅನುಮತಿಯಿಲ್ಲದೆ ಅಗೆಯುವಂತಿಲ್ಲ. ಗಣಿಯ ಬಾಯಿ ಆ ಜಾಗದ ಅತಿ ಹೆಚ್ಚಿನ ಪ್ರವಾಹ ಮಟ್ಟಕ್ಕಿಂತ ಕನಿಷ್ಠ ಒಂದೂವರೆ ಮೀಟರ್ ಎತ್ತರದಲ್ಲಿರಬೇಕು.

ಎರಡನೆಯದು ನೆಲದೊಳಗಿನ ನೀರು. ಬಿಟ್ಟುಹೋದ ಹಳೆಯ ಅಗೆತಕ್ಕೆ 60 ಮೀಟರ್ ಸಮೀಪ ಬಂದರೆ, ಅನುಮತಿಯಿಲ್ಲದೆ ಮುಂದುವರಿಯಬಾರದು. ಮುಂದುವರಿದರೂ ಸುರಂಗದ ಅಗಲ, ಎತ್ತರ 2.4 ಮೀಟರ್ ಮೀರಬಾರದು. ಅಗೆಯುವ ಮುಖದ ನಡುವೆ ಒಂದು ತೂತು, ಎರಡೂ ಪಕ್ಕಗಳಿಗೆ ಬೇಕಾದಷ್ಟು ತೂತುಗಳನ್ನು ಮುಂಚಿತವಾಗಿ ಕೊರೆಯುತ್ತಾ ಹೋಗಬೇಕು. ಈ ತೂತುಗಳು ಸದಾ ಕನಿಷ್ಠ 3 ಮೀಟರ್ ಮುಂದಿರಬೇಕು. ಕುರುಡನ ಕೈಯ ಕೋಲಿನ ಹಾಗೆ. ಮುಂದೆ ನೀರಿದ್ದರೆ ಮೊದಲು ಆ ಸಣ್ಣ ತೂತಿನಿಂದ ಚಿಮ್ಮುತ್ತದೆ. ಗೂಟ ಬಡಿದು ಅದನ್ನು ಮುಚ್ಚಬಹುದು, ಜನರನ್ನು ಹೊರಗೆ ಕಳಿಸಬಹುದು.

ಈ ಕುರುಡುಗೋಲು ಕೂಡ ಇಂಗ್ಲೆಂಡಿನಿಂದ ಬಂದದ್ದೇ. ನೀರಿರುವ ಶಂಕೆಯಿದ್ದ ಕಡೆಗೆ ಅಗೆಯುವಾಗ ಸುರಂಗ ಎಂಟು ಅಡಿಗಿಂತ ಅಗಲವಿರಬಾರದು, ನಡುವೆ ಮತ್ತು ಪಕ್ಕಗಳಲ್ಲಿ ತೂತು ಕೊರೆಯುತ್ತಾ ಸಾಗಬೇಕು ಎಂದು ಅಲ್ಲಿನ 1872ರ ಕಾಯಿದೆ ಹೇಳಿತ್ತು. ನಮ್ಮ 2.4 ಮೀಟರ್ ಎಂದರೆ ಅದೇ ಎಂಟು ಅಡಿ.

ನಕ್ಷೆಯೇ ಸುಳ್ಳಾದರೆ?

ಇಷ್ಟೆಲ್ಲ ಸರಿ. ಆದರೆ ಹಳೆಯ ಅಗೆತ 60 ಮೀಟರ್ ದೂರದಲ್ಲಿದೆಯೆಂದು ತಿಳಿಯುವುದು ಹೇಗೆ? ನಕ್ಷೆ ನೋಡಿ. ನಕ್ಷೆ ತಪ್ಪಿದ್ದರೆ? ಅಥವಾ ನಕ್ಷೆಯೇ ಇಲ್ಲದಿದ್ದರೆ? ಆಗ 60 ಎಂಬ ಅಂಕಿಗೆ ಅರ್ಥವೇ ಉಳಿಯುವುದಿಲ್ಲ. ಇಡೀ ನಿಯಮಾವಳಿ ಒಂದು ಕಾಗದದ ಹಾಳೆಯ ಮೇಲೆ ನಿಂತಿದೆ.

ಇದು ಬ್ರಿಟನ್ನಿಗೆ ಅರಿವಾದದ್ದು 1815ರ ಹೀಟನ್ ಗಣಿ ದುರಂತದಂಥ ಪೆಟ್ಟುಗಳಿಂದ. ಅಲ್ಲಿ ಪಕ್ಕದ ಹಳೆಯ ಗಣಿಯ ನೀರು ನುಗ್ಗಿ 75 ಮಂದಿ ಸತ್ತರು. ಅವರಲ್ಲಿ ಬಹಳಷ್ಟು ಹುಡುಗರು. ಶವಗಳನ್ನು ಹೊರತೆಗೆಯಲು ತಿಂಗಳುಗಳೇ ಹಿಡಿದವು. ಗಣಿ ಮುಚ್ಚಿದಾಗ ಅದರ ನಕ್ಷೆಯನ್ನು ಜೋಪಾನ ಮಾಡಲು ಸರ್ಕಾರದ ಕಡೆಯಿಂದಲೇ ಏರ್ಪಾಡಾಗಬೇಕೆಂದು ಥಾಮಸ್ ಸಾಪ್‌ವಿತ್ ಎಂಬ ಗಣಿ ಎಂಜಿನಿಯರ್ 1838ರಲ್ಲಿ ವಾದಿಸಿದ. 1840ರಲ್ಲಿ ಗಣಿ ದಾಖಲೆಗಳ ಕಚೇರಿ ಲಂಡನ್ನಿನಲ್ಲಿ ಆರಂಭವಾಯಿತು. ಆದರೆ ಕೈಬಿಟ್ಟ ಗಣಿಯ ನಕ್ಷೆಯನ್ನು ಸರ್ಕಾರಕ್ಕೆ ಒಪ್ಪಿಸುವುದು ಕಡ್ಡಾಯವಾದದ್ದು 1872ರಲ್ಲಿ. ಅಂದರೆ ಹೀಟನ್ ಆಗಿ 57 ವರ್ಷಗಳ ಮೇಲೆ.

ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತೇವಲ್ಲ, ಹಾಗೆ. ಬಾಗಿಲು ಹಾಕಿದ ಮೇಲೂ ಗೋಡೆಯಲ್ಲಿ ಕಿಂಡಿಗಳು ಉಳಿದೇ ಇರುತ್ತವೆ. 2002ರ ಜುಲೈನಲ್ಲಿ ಅಮೆರಿಕದ ಕ್ವೀಕ್ರೀಕ್ ಗಣಿಯ ಕಾರ್ಮಿಕರು ತಮ್ಮ ಕೈಲಿದ್ದ ನಕ್ಷೆಯ ಪ್ರಕಾರ ಪಕ್ಕದ ಹಳೆಯ ಗಣಿಯಿಂದ 300 ಅಡಿ ದೂರದಲ್ಲಿದ್ದರು. ನಿಜದಲ್ಲಿ ಅವರ ಯಂತ್ರ ಅದರ ಗೋಡೆಯನ್ನೇ ಕೊರೆಯುತ್ತಿತ್ತು. ಒಂಬತ್ತು ಮಂದಿ ಸಿಕ್ಕಿಕೊಂಡರು. ಅವರನ್ನು 77 ಗಂಟೆಗಳ ಬಳಿಕ ಜೀವಂತವಾಗಿ ಮೇಲೆತ್ತಿದ್ದು ಅದೃಷ್ಟ. ಹಳೆಯ ಗಣಿಯ ಕೊನೆಯ ಅಗೆತವನ್ನು ತೋರಿಸುವ ನಕ್ಷೆ ಕೊನೆಗೆ ಪತ್ತೆಯಾದದ್ದು ಒಂದು ವಸ್ತುಸಂಗ್ರಹಾಲಯದಲ್ಲಿ!

ನಮ್ಮ ಜಾರಿಯಾ ಮತ್ತು ರಾಣಿಗಂಜ್‌ಗಳ ಕಥೆ ಇನ್ನೂ ಜಟಿಲ. 1970ರ ದಶಕದ ಆರಂಭದಲ್ಲಿ ರಾಷ್ಟ್ರೀಕರಣವಾಗುವ ತನಕ ಅಲ್ಲಿ ನೂರಾರು ಸಣ್ಣಪುಟ್ಟ ಕಂಪನಿಗಳು ತಮಗೆ ತೋಚಿದಂತೆ ಅಗೆದಿದ್ದವು. ಒಬ್ಬನ ಸುರಂಗ ಎಲ್ಲಿ ಮುಗಿದು ಇನ್ನೊಬ್ಬನದು ಎಲ್ಲಿ ಶುರುವಾಗುತ್ತದೆ ಎಂಬುದು ಎಷ್ಟೋ ಕಡೆ ಕಾಗದದಲ್ಲಿ ಒಂದು, ನೆಲದಲ್ಲಿ ಇನ್ನೊಂದು. 1989ರ ನವೆಂಬರಿನಲ್ಲಿ ರಾಣಿಗಂಜ್‌ನ ಮಹಾವೀರ ಗಣಿಗೆ ನೀರು ನುಗ್ಗಿದಾಗ ಆರು ಮಂದಿ ಸತ್ತು 65 ಮಂದಿ ಒಳಗೇ ಉಳಿದರು. ಎಂಜಿನಿಯರ್ ಜಸವಂತ್ ಸಿಂಗ್ ಗಿಲ್ ಮೇಲಿನಿಂದ ಬೋರ್ ಕೊರೆಸಿ, ಉಕ್ಕಿನ ತೊಟ್ಟಿಲೊಂದರಲ್ಲಿ ತಾವೇ ಕೆಳಗಿಳಿದು, ಒಬ್ಬೊಬ್ಬರನ್ನಾಗಿ 65 ಜನರನ್ನೂ ಮೇಲೆ ಕಳಿಸಿದರು. 2001ರ ಫೆಬ್ರುವರಿಯಲ್ಲಿ ಬಾಗ್‌ಡಿಗಿ ಗಣಿಗೆ ನೆರೆಯ ಜಯರಾಮಪುರ ಗಣಿಯ ಹಳೆಯ ಅಗೆತದ ನೀರು ನುಗ್ಗಿತು. ಅಲ್ಲಿ ಅಂಥ ಪವಾಡವಾಗಲಿಲ್ಲ. 29 ಮಂದಿ ಸತ್ತರು. 2003ರ ಜೂನ್‌ನಲ್ಲಿ ಗೋದಾವರಿಖನಿಯ ಸಿಂಗರೇಣಿ ಗಣಿಯೊಂದರಲ್ಲಿ 17 ಮಂದಿ ಹೀಗೆಯೇ ನೀರುಪಾಲಾದರು. ಸಿಂಗರೇಣಿ ನಮಗೆ ದೂರದ ಹೆಸರಲ್ಲ. ರಾಯಚೂರಿನ ಶಕ್ತಿನಗರದ ಒಲೆಗಳಿಗೆ ಬರುವ ಕಲ್ಲಿದ್ದಲಿನಲ್ಲಿ ಅಲ್ಲಿನದೂ ಇದೆ.

ಕಾಣುವ ನೀರು ಸುಮ್ಮನಿತ್ತೆಂದಲ್ಲ. 1995ರ ಸೆಪ್ಟೆಂಬರಿನಲ್ಲಿ ಭಾರಿ ಮಳೆಗೆ ಕತ್ರಿ ನದಿ ಉಕ್ಕಿ ಧನಬಾದ್ ಬಳಿಯ ಗಸ್ಲಿಟಾಂಡ್ ಗಣಿಗೆ ನುಗ್ಗಿದಾಗ 64 ಜೀವಗಳು ಹೋದವು. ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಕೇಂದ್ರ ಕಚೇರಿ ಇರುವುದು ಅದೇ ಧನಬಾದ್‌ನಲ್ಲಿ. ನಿಯಮದ ಪುಸ್ತಕ ಮತ್ತು ಮುಳುಗಿದ ಗಣಿ ಒಂದೇ ಜಿಲ್ಲೆಯಲ್ಲಿದ್ದರೂ ಒಂದನ್ನೊಂದು ಮುಟ್ಟಲಿಲ್ಲ.

1957ರ ನಿಯಮಾವಳಿಯ ಜಾಗಕ್ಕೆ 2017ರಲ್ಲಿ ಹೊಸದು ಬಂದಿದೆ. ಆದರೆ ಯಾವ ನಿಯಮಾವಳಿಯೂ ತಲುಪದ ಗಣಿಗಳೂ ಇವೆ. ಮೇಘಾಲಯದ ಇಲಿಬಿಲದಂಥ ಗಣಿಗಾರಿಕೆಯನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014ರಲ್ಲೇ ನಿಷೇಧಿಸಿತ್ತು. ಆದರೂ 2018ರ ಡಿಸೆಂಬರಿನಲ್ಲಿ ಕ್ಸಾನ್ ಎಂಬಲ್ಲಿ ಅಂಥ ಗಣಿಗೆ ನೀರು ನುಗ್ಗಿ 15 ಮಂದಿ ಒಳಗುಳಿದರು. ನೌಕಾಪಡೆಯ ಮುಳುಗುಗಾರರು ಹುಡುಕಿದರೂ ಬದುಕಿದವರೊಬ್ಬರೂ ಸಿಗಲಿಲ್ಲ. 2025ರ ಜನವರಿ 6ರಂದು ಅಸ್ಸಾಮಿನ ಉಮ್ರಾಂಗ್ಸೊದಲ್ಲಿ ಅದೇ ಕಥೆ, ಒಂಬತ್ತು ಸಾವು. ಕಳ್ಳತನದಲ್ಲಿ ಅಗೆಯುವವರು ನಕ್ಷೆ ಬರೆಯುವುದಿಲ್ಲ. ಸತ್ತವರನ್ನು ಹುಡುಕಲು ಹೋದವರ ಕೈಯಲ್ಲೂ ನಕ್ಷೆ ಇರುವುದಿಲ್ಲ. ಅಷ್ಟೇ ಅಲ್ಲ, ನಾಳೆ ಅದೇ ಗುಡ್ಡದಲ್ಲಿ ನ್ಯಾಯವಾಗಿಯೇ ಅಗೆಯಲು ಹೊರಟವನಿಗೂ ಇಂದಿನ ಬಿಲ ಎಲ್ಲಿದೆಯೆಂದು ತಿಳಿಯುವ ದಾರಿಯಿಲ್ಲ. ಆ ಬಿಲದಲ್ಲಿ ನೀರು ಮಾತ್ರ ಮಳೆಯಿಂದ ಮಳೆಗೆ ತುಂಬುತ್ತಾ ಇರುತ್ತದೆ.

15 ಮೀಟರ್, 60 ಮೀಟರ್, ಎಂಟು ಅಡಿ: ಇವು ಬರಿಯ ಅಂಕಿಗಳಲ್ಲ, ಒಂದೊಂದರ ಹಿಂದೆಯೂ ಸಾವುಗಳಿವೆ. ಆದರೆ ಅವುಗಳಿಗೆ ಜೀವ ಉಳಿಸುವ ಶಕ್ತಿ ಬರುವುದು ಯಾರೋ ಒಬ್ಬ ಸರ್ವೇಯರ್ ಕೆಲಸ ನಿಂತ ದಿನ ಕೊನೆಯ ಬಾರಿ ಕೆಳಗಿಳಿದು, ಅಳೆದು, ಇದ್ದದ್ದನ್ನು ಇದ್ದ ಹಾಗೆ ಬರೆದಿಟ್ಟಾಗ. ಆ ಹಾಳೆಯ ಬೆಲೆ ಅಂದು ಯಾರಿಗೂ ತಿಳಿಯುವುದಿಲ್ಲ. ಮೂವತ್ತೋ ನಲವತ್ತೋ ವರ್ಷಗಳ ಮೇಲೆ ಗೋಡೆಯ ಆಚೆ ಬದಿಯಿಂದ ಅಗೆಯುತ್ತಾ ಬರುವವನಿಗೆ ಅದು ಬೇಕಾಗುತ್ತದೆ.