ಎಚ್‌ಐವಿ ಚಿಕಿತ್ಸೆ ಮತ್ತು ರಕ್ತದ ಕೊಬ್ಬಿನ ಏರುಪೇರು

ಎಚ್‌ಐವಿ ಸೋಂಕಿತರ ರಕ್ತದಲ್ಲಿ ಕೊಲೆಸ್ಟರಾಲ್ ಮತ್ತು ಟ್ರೈಗ್ಲಿಸರೈಡ್ ಎಂಬ ಕೊಬ್ಬುಗಳ ಹದ ತಪ್ಪುವುದುಂಟು. ಕೆಲವರಲ್ಲಿ ಇದರ ಜೊತೆಗೇ ಮೈಕೊಬ್ಬು ಒಂದೆಡೆ ಕರಗಿ ಇನ್ನೊಂದೆಡೆ ಶೇಖರವಾಗುತ್ತದೆ. ಚಿಕಿತ್ಸೆಯ ಅಡ್ಡಪರಿಣಾಮವೆಂದೇ ಇದು ಪ್ರಸಿದ್ಧವಾದರೂ ಮೊದಲ ಸುಳಿವು ಸಿಕ್ಕಿದ್ದು ಸೋಂಕಿನಲ್ಲೇ. 1980ರ ದಶಕದ ಕೊನೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕಾರ್ಲ್ ಗ್ರುನ್‌ಫೆಲ್ಡ್ ಮತ್ತು ಸಂಗಡಿಗರು ಏಡ್ಸ್ ರೋಗಿಗಳಲ್ಲಿ ಟ್ರೈಗ್ಲಿಸರೈಡ್ ಏರಿರುವುದನ್ನು ಗುರುತಿಸಿದರು. ರೋಗಿಗಳು ಬದುಕುಳಿಯುವುದೇ ಅಪರೂಪವಾಗಿದ್ದ ಆ ದಿನಗಳಲ್ಲಿ ಇದರಿಂದ ಮುಂದೆ ಹೃದಯಕ್ಕೇನಾದೀತೆಂಬ ಚಿಂತೆ ಯಾರಿಗಿತ್ತು?

1995ರ ಡಿಸೆಂಬರಿನಲ್ಲಿ ಸಾಕ್ವಿನಾವಿರ್, ಮರುವರ್ಷ ರಿಟೊನಾವಿರ್ ಮತ್ತು ಇಂಡಿನಾವಿರ್ ಅಮೆರಿಕದಲ್ಲಿ ಅನುಮತಿ ಪಡೆದವು. ಪ್ರೋಟಿಯೇಸ್ ಪ್ರತಿಬಂಧಕ ಎಂಬ ಈ ವರ್ಗದ ಔಷಧಗಳಿಂದ ಸಾವಿನ ಪ್ರಮಾಣ ಥಟ್ಟನೆ ಇಳಿಯಿತು. ಬೆನ್ನಲ್ಲೇ ಹೊಸ ದೂರುಗಳೂ ಬಂದವು. ಹೊಟ್ಟೆ ಮುಂದಕ್ಕೆ ಬಂತು, ಕತ್ತಿನ ಹಿಂದೆ ಗೂನಿನಂತೆ ಕೊಬ್ಬು ಕೂತಿತು, ಕೈಕಾಲು ಸಣಕಲಾದವು. ಕೆಲವರ ರಕ್ತವನ್ನು ನಳಿಕೆಯಲ್ಲಿ ಇಟ್ಟರೆ ಮೇಲೆ ತಿಳಿಯಾಗಬೇಕಾದ ದ್ರವ ಹಾಲಿನಂತೆ ಬೆಳ್ಳಗೆ ನಿಲ್ಲುತ್ತಿತ್ತು. 1998ರಲ್ಲಿ ಸಿಡ್ನಿಯ ಆಂಡ್ರ್ಯೂ ಕಾರ್, ಡೇವಿಡ್ ಕೂಪರ್ ಮುಂತಾದವರು ಈ ಲಕ್ಷಣಗಳನ್ನೂ ಇನ್ಸುಲಿನ್ ಪ್ರತಿರೋಧವನ್ನೂ ಒಟ್ಟುಗೂಡಿಸಿ ಒಂದೇ ಕೂಟವಾಗಿ ವಿವರಿಸಿದರು. ಔಷಧದ ಪಾತ್ರವಿದೆಯೆಂಬುದಕ್ಕೆ ನೇರ ಸಾಕ್ಷ್ಯ ದೊರೆತದ್ದು 2000ದಲ್ಲಿ: ಸೋಂಕೇ ಇಲ್ಲದ ಆರೋಗ್ಯವಂತರಿಗೆ ಎರಡು ವಾರ ರಿಟೊನಾವಿರ್ ಕೊಟ್ಟಾಗಲೂ ಟ್ರೈಗ್ಲಿಸರೈಡ್ ಏರಿತು.

ಆದರೆ ಗಲ್ಲ, ಕೈಕಾಲುಗಳ ಕೊಬ್ಬು ಕರಗುವುದಕ್ಕೆ ಬೇರೊಂದು ವರ್ಗದ ಔಷಧವೇ ಮುಖ್ಯ ಕಾರಣವೆಂದು ಕ್ರಮೇಣ ತಿಳಿಯಿತು. ಅದರಲ್ಲಿ ಮುಂಚೂಣಿಯ ಹೆಸರು ಸ್ಟಾವುಡೀನ್. ಇದು ಮೈಟೊಕಾಂಡ್ರಿಯಗಳಿಗೆ ಪೆಟ್ಟು ಕೊಟ್ಟು ಕೊಬ್ಬಿನ ಕೋಶಗಳನ್ನು ಸಾಯಿಸುತ್ತದೆ, ರಕ್ತದ ಕೊಬ್ಬನ್ನೂ ಕೆಡಿಸುತ್ತದೆ. ಭಾರತಕ್ಕೆ ಈ ಕಥೆ ಹತ್ತಿರದ್ದು. ಸಿಪ್ಲಾ ಕಂಪನಿಯ ಅಗ್ಗದ ಮೂರೌಷಧದ ಮಾತ್ರೆಯಲ್ಲಿ ಸ್ಟಾವುಡೀನ್ ಇತ್ತು. 2004ರ ಏಪ್ರಿಲ್ 1ರಂದು ಕರ್ನಾಟಕವೂ ಸೇರಿ ಆರು ರಾಜ್ಯಗಳಲ್ಲಿ ಶುರುವಾದ ಉಚಿತ ಎಚ್‌ಐವಿ ಚಿಕಿತ್ಸೆಯಲ್ಲೂ (ಎಆರ್‌ಟಿ) ಅದೇ ಪ್ರಧಾನವಾಗಿತ್ತು. ಜೀವ ಉಳಿಸಿದ ಮಾತ್ರೆಯೇ, ಗುಟ್ಟಾಗಿಟ್ಟ ಕಾಯಿಲೆಯನ್ನು ಮುಖದ ಮೇಲೆ ಬಯಲು ಮಾಡಿತು. ವಿಶ್ವ ಆರೋಗ್ಯ ಸಂಸ್ಥೆ ಸ್ಟಾವುಡೀನನ್ನು ಹಂತಹಂತವಾಗಿ ಕೈಬಿಡುವಂತೆ ಹೇಳಿದ್ದು 2009ರಲ್ಲಿ. ತಡವಾಯಿತೆನ್ನಬಹುದು, ಆದರೆ ಆಗ ಬದಲಿ ಔಷಧಗಳ ಬೆಲೆ ಹೆಚ್ಚಿತ್ತು.

ಹೃದಯದ ಪ್ರಶ್ನೆ ಬೇರೆ ದಾರಿ ಹಿಡಿಯಿತು. 23,000ಕ್ಕೂ ಹೆಚ್ಚು ಜನರನ್ನು ಒಳಗೊಂಡ ಡಿಎಡಿ ಅಧ್ಯಯನವು, ಸಂಯೋಜಿತ ಚಿಕಿತ್ಸೆಯ ಮೊದಲ ಕೆಲವು ವರ್ಷಗಳಲ್ಲಿ ವರ್ಷಕ್ಕೆ ಶೇ. 26ರಂತೆ ಹೃದಯಾಘಾತದ ಸಾಪೇಕ್ಷ ಅಪಾಯ ಏರುತ್ತದೆಂದು 2003ರಲ್ಲಿ ವರದಿ ಮಾಡಿತು. ಒಟ್ಟಾರೆ ಅಪಾಯ ಮಾತ್ರ ಕಡಿಮೆಯೇ ಇತ್ತು. ಹಾಗಾದರೆ ಔಷಧಕ್ಕೆ ಆಗಾಗ ಬಿಡುವು ಕೊಟ್ಟರೆ ಹೇಗೆ? 2006ರ ಸ್ಮಾರ್ಟ್ ಅಧ್ಯಯನದಲ್ಲಿ ಆ ಲೆಕ್ಕಾಚಾರ ತಲೆಕೆಳಗಾಯಿತು: ಚಿಕಿತ್ಸೆ ನಿಲ್ಲಿಸಿದವರಲ್ಲೇ ಸಾವು ಹೆಚ್ಚು, ಹೃದಯದ ತೊಂದರೆಯೂ ಹೆಚ್ಚು. ಹೀಗಾಗಿ ವೈರಸ್ ಎಬ್ಬಿಸುವ ಉರಿಯೂತದ ಕಡೆಗೆ ಗಮನ ಹರಿಯಿತು.

ಅಷ್ಟರಲ್ಲಿ ಅಟಜನಾವಿರ್, ಮುಂದೆ ಡೊಲುಟೆಗ್ರಾವಿರ್‌ನಂಥ, ರಕ್ತದ ಕೊಬ್ಬಿಗೆ ಅಷ್ಟಾಗಿ ತಂಟೆ ಮಾಡದ ಔಷಧಗಳು ಬಂದವು. ಕೊಲೆಸ್ಟರಾಲ್ ಇಳಿಸುವ ಮಾತ್ರೆಯ ಆಯ್ಕೆಯೂ ಸಲೀಸಲ್ಲ. ಸಿಂವಾಸ್ಟ್ಯಾಟಿನ್ ಕರಗಿಸುವ ಯಕೃತ್ತಿನ ಕಿಣ್ವವನ್ನು ರಿಟೊನಾವಿರ್ ತಡೆಯುವುದರಿಂದ ಆ ಮಾತ್ರೆ ರಕ್ತದಲ್ಲಿ ವಿಪರೀತ ಶೇಖರವಾಗಿ ಸ್ನಾಯುಗಳನ್ನು ಹಾಳುಮಾಡಬಲ್ಲದು. ಇವೆರಡನ್ನು ಒಟ್ಟಿಗೆ ಕೊಡುವಂತಿಲ್ಲ. ಈ ಕಿಣ್ವವನ್ನು ಹೆಚ್ಚು ನೆಚ್ಚದ ಪಿಟಾವಾಸ್ಟ್ಯಾಟಿನ್ನನ್ನೇ ರಿಪ್ರೀವ್ ಪ್ರಯೋಗಕ್ಕೆ ಆರಿಸಲಾಯಿತು. 40ರಿಂದ 75 ವಯಸ್ಸಿನ, ಕಡಿಮೆಯಿಂದ ಮಧ್ಯಮ ಅಪಾಯದ 7,769 ಎಚ್‌ಐವಿ ಸೋಂಕಿತರು ಇದರಲ್ಲಿದ್ದರು. ಮಾತ್ರೆ ತೆಗೆದುಕೊಂಡವರಲ್ಲಿ ಹೃದಯ ಹಾಗೂ ರಕ್ತನಾಳದ ಗಂಭೀರ ಘಟನೆಗಳು ಶೇ. 35ರಷ್ಟು ಕಡಿಮೆಯಾದವೆಂದು 2023ರಲ್ಲಿ ಪ್ರಕಟವಾಯಿತು. ಕೊಲೆಸ್ಟರಾಲ್ ಇಳಿದ ಮಟ್ಟವನ್ನಷ್ಟೇ ನೋಡಿದರೆ ಇಷ್ಟು ಪ್ರಯೋಜನ ನಿರೀಕ್ಷಿತವಾಗಿರಲಿಲ್ಲ.